ಶಾಲೆಗೆ ರಜೆ ಕೊಟ್ಟವರು ಯಾರು?

2024ರ ನವೆಂಬರ್ 17, ಭಾನುವಾರ. ಸಂಜೆಯಾಗುತ್ತಿದ್ದಂತೆ ದೆಹಲಿಯ ಅಪ್ಪ-ಅಮ್ಮಂದಿರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದೇ ಸುದ್ದಿ. ಮರುದಿನದಿಂದ ಹತ್ತು ಮತ್ತು ಹನ್ನೆರಡನೇ ತರಗತಿಯವರನ್ನು ಬಿಟ್ಟು ಮಿಕ್ಕ ಮಕ್ಕಳೆಲ್ಲ ಮನೆಯಲ್ಲೇ ಕುಳಿತು ಆನ್‌ಲೈನ್ ಪಾಠ ಕೇಳಬೇಕೆಂದು ಮುಖ್ಯಮಂತ್ರಿ ಆತಿಶಿ ಪ್ರಕಟಿಸಿದ್ದರು. ಸೋಮವಾರ ನಗರದ ವಾಯು ಗುಣಮಟ್ಟ ಸೂಚ್ಯಂಕದ ದಿನದ ಸರಾಸರಿ 494 ಮುಟ್ಟಿತು. ಆ ಅಳತೆಗೋಲು ಮುಗಿಯುವುದೇ 500ಕ್ಕೆ. ಅದೇ ದಿನ ಸುಪ್ರೀಂ ಕೋರ್ಟ್ ನಡುವೆ ಬಂದು ಹತ್ತು, ಹನ್ನೆರಡರ ಮಕ್ಕಳನ್ನೂ ಮನೆಯಲ್ಲೇ ಇರಿಸಿ ಎಂದಿತು. ವಾರ ಕಳೆದು 25ರಂದು, ಶಾಲೆ ಮುಚ್ಚಿದ್ದನ್ನು ಸಡಿಲಿಸಬಹುದೇ ನೋಡಿ ಎಂದು ಅದೇ ಕೋರ್ಟ್ ವಾಯು ಗುಣಮಟ್ಟ ನಿರ್ವಹಣಾ ಆಯೋಗಕ್ಕೆ ಹೇಳಿತು. ಅಂದು ರಾತ್ರಿಯೇ ಆಯೋಗ ಶಾಲೆಗೂ ಬರಬಹುದು, ಮನೆಯಿಂದಲೂ ಕೇಳಬಹುದು ಎಂಬ ಬೆರಕೆ ವ್ಯವಸ್ಥೆಗೆ ದಾರಿ ಬಿಟ್ಟಿತು.

ಮಕ್ಕಳ ಪಾಲಿಗೆ ಅದು ಅನಿರೀಕ್ಷಿತ ರಜೆ. ಸಮಾಜ ವಿಜ್ಞಾನದ ಮೇಷ್ಟರಿಗಾದರೋ ಇಡೀ ವರ್ಷಕ್ಕೆ ಸಾಕಾಗುವಷ್ಟು ಪಾಠ.

ಶಾಲೆಗೆ ರಜೆ ಕೊಟ್ಟವರು ಯಾರು? ಎಂಟು ದಿನಗಳಲ್ಲಿ ದೆಹಲಿ ಸರ್ಕಾರ, ನ್ಯಾಯಾಲಯ, ಸಂಸತ್ತಿನ ಕಾಯ್ದೆಯಿಂದ ಹುಟ್ಟಿದ ಆಯೋಗ, ಮೂವರೂ ಒಬ್ಬರಾದ ಮೇಲೊಬ್ಬರು ಮಾತಾಡಿದ್ದಾರೆ. ದೆಹಲಿಯ ಮಾತು ದೆಹಲಿ ಸರ್ಕಾರದ್ದಾದರೆ, ನೋಯ್ಡಾದ ಶಾಲೆಗೆ ಲಖನೌ, ಗುರುಗ್ರಾಮದ ಶಾಲೆಗೆ ಚಂಡೀಗಢ. ಹೊಗೆಗೆ ಗಡಿ ಗೊತ್ತಿಲ್ಲ, ಸರ್ಕಾರಗಳಿಗೆ ಗೊತ್ತಿದೆ. ಹಾಗಾಗಿಯೇ 2021ರ ಕಾಯ್ದೆಯಡಿ ರಾಜಧಾನಿ ಪ್ರದೇಶಕ್ಕೂ ಸುತ್ತಲಿನ ಜಿಲ್ಲೆಗಳಿಗೂ ಸೇರಿ ಒಂದೇ ಆಯೋಗ ಬಂತು. ಇಷ್ಟನ್ನು ಬಿಡಿಸಿ ಹೇಳಿದರೆ ಒಕ್ಕೂಟ ವ್ಯವಸ್ಥೆಯ ಪಾಠ ಮುಗಿದಂತೆಯೇ. ಪಠ್ಯದಲ್ಲಿ ಕಬ್ಬಿಣದ ಕಡಲೆಯಾಗಿದ್ದ ಮಾತು ಇಲ್ಲಿ ಮಗುವಿನ ಸ್ಕೂಲ್ ಬಸ್ಸಿಗೆ ಸಂಬಂಧಿಸಿದ್ದು.

ಇನ್ನೂ ದೊಡ್ಡ ಪಾಠವಿರುವುದು 25ರ ಆದೇಶದಲ್ಲಿ. ಶಾಲೆ ಮುಚ್ಚಿದ್ದರಿಂದ ಬಹಳಷ್ಟು ಮಕ್ಕಳಿಗೆ ಮಧ್ಯಾಹ್ನದ ಬಿಸಿಯೂಟ ತಪ್ಪಿದೆ, ಆನ್‌ಲೈನ್ ಪಾಠ ಕೇಳಲು ಬೇಕಾದ ಸೌಲಭ್ಯ ಎಷ್ಟೋ ಮಕ್ಕಳ ಬಳಿ ಇಲ್ಲ, ಗಾಳಿ ಶುದ್ಧೀಕರಿಸುವ ಯಂತ್ರವಿಲ್ಲದ ಮನೆಯ ಮಗು ಮನೆಯಲ್ಲಿದ್ದರೂ ಒಂದೇ ಶಾಲೆಗೆ ಹೋದರೂ ಒಂದೇ ಎಂಬುದನ್ನು ಕೋರ್ಟ್ ಲೆಕ್ಕಕ್ಕೆ ತೆಗೆದುಕೊಂಡಿತು. 21ನೇ ವಿಧಿ ಜೀವದ ಹಕ್ಕು ಕೊಡುತ್ತದೆ. ಒಳ್ಳೆಯ ಗಾಳಿ ಅದರೊಳಗೇ ಸೇರಿದೆಯೆಂದು ತೀರ್ಪುಗಳು ಹೇಳಿವೆ. 21ಎ ವಿಧಿ ಶಿಕ್ಷಣದ ಹಕ್ಕು ಕೊಡುತ್ತದೆ. ಶ್ವಾಸಕೋಶ ಉಳಿಸಲು ಶಾಲೆ ಮುಚ್ಚಿದರೆ ಓದು ಹೋಗುತ್ತದೆ, ಓದು ಉಳಿಸಲು ತೆರೆದರೆ ಶ್ವಾಸಕೋಶ. ಮುಚ್ಚಿದ್ದರ ಪೆಟ್ಟು ಎಲ್ಲರಿಗೂ ಒಂದೇ ಸಮನಾಗಿ ಬಿತ್ತೇ ಎಂದು ಕೇಳಿದರೆ 14ನೇ ವಿಧಿಯ ಸಮಾನತೆ ತಾನಾಗಿ ಎದುರು ನಿಲ್ಲುತ್ತದೆ. ಮೂರು ವಿಧಿಗಳು ಒಂದೇ ಬೆಂಚಿನ ಮೇಲೆ ಕುಳಿತು ಜಗಳಾಡುವುದನ್ನು ಮಕ್ಕಳು ನೋಡಬಹುದಾದ ಇಂಥ ಸಂದರ್ಭ ಪಠ್ಯಪುಸ್ತಕದಲ್ಲಿ ಸಿಗದು.

ಆದರೂ ಹೆಚ್ಚಿನ ತರಗತಿಗಳಲ್ಲಿ ಸಂವಿಧಾನವೆಂದರೆ ಇಂದಿಗೂ ಉರು ಹೊಡೆಯುವ ಪಾಠ. ಎಷ್ಟು ದಿನದಲ್ಲಿ ಬರೆದರು, ಕರಡು ಸಮಿತಿಯ ಅಧ್ಯಕ್ಷರು ಯಾರು, ಮೂಲಭೂತ ಹಕ್ಕುಗಳು ಎಷ್ಟು, ಒಂದಂಕ, ಎರಡಂಕ. ಕರ್ನಾಟಕದಲ್ಲಿ 2023ರಿಂದ ಶಾಲೆಗಳಲ್ಲಿ ಸಂವಿಧಾನ ಪೀಠಿಕೆಯ ಓದು ಬಂದಿದೆ. ಆ ವರ್ಷದ ಸೆಪ್ಟೆಂಬರ್ 15ರಂದು, ಪ್ರಜಾಪ್ರಭುತ್ವ ದಿನಕ್ಕೆ, ರಾಜ್ಯದಾದ್ಯಂತ ಜನ ಒಟ್ಟಾಗಿ ಪೀಠಿಕೆ ಓದಿದರು. ಮರುವರ್ಷ ಅದೇ ದಿನ ಬೀದರ್‌ನಿಂದ ಚಾಮರಾಜನಗರದವರೆಗೆ ಮಾನವ ಸರಪಳಿ. ಒಳ್ಳೆಯದೇ. ಮಾತು ಮೊದಲು ಕಿವಿಗೆ ಬೀಳಬೇಕು. ಆದರೆ ‘ಭ್ರಾತೃತ್ವ’ ಎಂದು ದಿನವೂ ಹೇಳುವ ಹುಡುಗನಿಗೆ ಆ ಪದ ತನ್ನ ಬೀದಿಯಲ್ಲಿ ಎಲ್ಲಿ ಕಾಣಿಸುತ್ತದೆ ಎಂದು ಯಾರಾದರೂ ತೋರಿಸದಿದ್ದರೆ ಅದು ಗಿಳಿಪಾಠವಾಗಿಯೇ ಉಳಿಯುತ್ತದೆ.

ದೆಹಲಿಯಲ್ಲಿ ಬೇರೆ ಬೇರೆ ಕಾಲಕ್ಕೆ ಬೇರೆ ಬೇರೆ ಪ್ರಯೋಗಗಳಾಗಿವೆ. ಸಂಸದೀಯ ವ್ಯವಹಾರಗಳ ಸಚಿವಾಲಯ ಇಲ್ಲಿನ ಶಾಲೆಗಳಲ್ಲಿ ಯುವ ಸಂಸತ್ ಸ್ಪರ್ಧೆ ಶುರುಮಾಡಿದ್ದು 1966-67ರಲ್ಲೇ. ಮಕ್ಕಳು ಸ್ಪೀಕರ್ ಆಗಿ, ವಿರೋಧ ಪಕ್ಷದ ನಾಯಕರಾಗಿ, ಮಂತ್ರಿಗಳಾಗಿ ಪ್ರಶ್ನೋತ್ತರ ನಡೆಸುತ್ತಾರೆ. ಸಂವಿಧಾನಕ್ಕೆ ಎಪ್ಪತ್ತಾದಾಗ, 2019ರಲ್ಲಿ, ದೆಹಲಿ ಸರ್ಕಾರ ತನ್ನ ಶಾಲೆಗಳಲ್ಲಿ ಅದರ ಮೌಲ್ಯಗಳ ಕುರಿತು ಒಂದು ಅಭಿಯಾನವನ್ನೇ ನಡೆಸಿತು. ಆದರೆ ಸುದ್ದಿಯನ್ನು ಹಿಡಿದು ಸಂವಿಧಾನ ಕಲಿಸುವ ಕೆಲಸ ದೊಡ್ಡ ಪ್ರಮಾಣದಲ್ಲಿ ನಡೆದದ್ದು ದೆಹಲಿಯ ಶ್ರೀ ಅರವಿಂದ ಮಾರ್ಗದ ಒಂದು ಕಚೇರಿಯಲ್ಲಿ, ರಾಷ್ಟ್ರಮಟ್ಟದ ಪಠ್ಯಪುಸ್ತಕ ರೂಪಿಸುವ ಎನ್‌ಸಿಇಆರ್‌ಟಿಯಲ್ಲಿ.

ನಮ್ಮ ತಂದೆ-ತಾಯಂದಿರು ಓದಿದ ‘ಪೌರನೀತಿ’ ನೆನಪಿರಬಹುದು. ಬ್ರಿಟಿಷರ ಕಾಲದಲ್ಲಿ, ಪ್ರಜೆಗಳಲ್ಲಿ ನಿಷ್ಠೆ ಕಡಿಮೆಯಾಗುತ್ತಿದೆ ಎಂಬ ಅಳುಕಿನಲ್ಲಿ ಬೆಳೆದ ವಿಷಯ ಅದು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಆ ಹೆಸರನ್ನು ಬಿಟ್ಟು ರಾಜ್ಯಶಾಸ್ತ್ರ ಎನ್ನಬೇಕೆಂದು ಹೇಳಿತು. ಕೃಷ್ಣಕುಮಾರ್ ಎನ್‌ಸಿಇಆರ್‌ಟಿಯ ನಿರ್ದೇಶಕರಾಗಿದ್ದ ಆ ವರ್ಷಗಳಲ್ಲಿ ಯೋಗೇಂದ್ರ ಯಾದವ್ ಮತ್ತು ಸುಹಾಸ್ ಪಳಶೀಕರ್ ಮುಖ್ಯ ಸಲಹೆಗಾರರಾಗಿ ರಾಜ್ಯಶಾಸ್ತ್ರದ ಹೊಸ ಪುಸ್ತಕಗಳು ಬಂದವು. ಪತ್ರಿಕೆಯ ತುಣುಕು, ಕಾರ್ಟೂನು, ಉನ್ನಿ-ಮುನ್ನಿ ಎಂಬ ಇಬ್ಬರು ಪ್ರಶ್ನೆಪ್ರಿಯ ಮಕ್ಕಳು, ಎಲ್ಲವೂ ಪುಟದಲ್ಲಿ.

ಹತ್ತನೇ ತರಗತಿಯ ‘ಜನಪರ ಹೋರಾಟಗಳು ಮತ್ತು ಚಳವಳಿಗಳು’ ಎಂಬ ಅಧ್ಯಾಯದಲ್ಲಿ ಕನ್ನಡಿಗರಿಗೆ ಒಂದು ಸಂತೋಷವಿತ್ತು. ನೇಪಾಳದ ಪ್ರಜಾಪ್ರಭುತ್ವ ಚಳವಳಿ, ಬೊಲಿವಿಯಾದ ನೀರಿನ ಹೋರಾಟಗಳ ಸಾಲಿನಲ್ಲೇ ನಮ್ಮ ‘ಕಿತ್ತಿಕೋ-ಹಚ್ಚಿಕೋ’ ಕೂತಿತ್ತು. ಕರ್ನಾಟಕ ಪಲ್ಪ್‌ವುಡ್ ಕಂಪನಿಗೆ ಸುಮಾರು 30,000 ಹೆಕ್ಟೇರ್ ಭೂಮಿ ನಲವತ್ತು ವರ್ಷದ ಗುತ್ತಿಗೆಗೆ ಹೋದಾಗ, ದನ ಮೇಯುವ, ಸೌದೆ ಸಿಗುವ ನೆಲ ನೀಲಗಿರಿ ತೋಪಾಗುವುದನ್ನು ಒಪ್ಪದ ರೈತರು 1987ರಲ್ಲಿ ನೀಲಗಿರಿ ಸಸಿ ಕಿತ್ತು ಜನರಿಗೆ ಬೇಕಾದ ಗಿಡ ಹಚ್ಚಿದರು. ದೆಹಲಿಯ ದ್ವಾರಕಾದ ಫ್ಲ್ಯಾಟಿನಲ್ಲಿ ಕೂತ ಹುಡುಗಿಗೆ ಉತ್ತರ ಕರ್ನಾಟಕದ ‘ಹಚ್ಚು’ ಎಂಬ ಕ್ರಿಯಾಪದ ತಲುಪಿದ್ದು ಹೀಗೆ. 2022ರಲ್ಲಿ ಪಠ್ಯದ ಹೊರೆ ಇಳಿಸುವ ಹೆಸರಿನಲ್ಲಿ ಆ ಅಧ್ಯಾಯವೇ ಹೋಯಿತು. ಮರುವರ್ಷದ ಜೂನ್‌ನಲ್ಲಿ ಯಾದವ್, ಪಳಶೀಕರ್ ಇಬ್ಬರೂ ಪುಸ್ತಕಗಳಿಂದ ತಮ್ಮ ಹೆಸರು ತೆಗೆಯಿರಿ ಎಂದು ಎನ್‌ಸಿಇಆರ್‌ಟಿಗೆ ಪತ್ರ ಬರೆದರು. ಹೊರೆ ಎಷ್ಟು ಇಳಿಯಿತೋ, ಪುಸ್ತಕದಿಂದ ಬೀದಿಗೆ ಇದ್ದ ಬಾಗಿಲಂತೂ ಕಿರಿದಾಯಿತು.

ಅದಕ್ಕೂ ಮೊದಲೇ ಈ ಪುಸ್ತಕಗಳಿಗೆ ಒಂದು ಬಿಸಿ ತಟ್ಟಿತ್ತು. ಹನ್ನೊಂದನೇ ತರಗತಿಯ ಸಂವಿಧಾನದ ಪುಸ್ತಕದಲ್ಲಿ ಶಂಕರ್ ಪಿಳ್ಳೆ 1949ರಲ್ಲಿ ಬರೆದ ಕಾರ್ಟೂನೊಂದಿತ್ತು. ಸಂವಿಧಾನ ಎಂದು ಬರೆದ ಬಸವನಹುಳು. ಅದರ ಮೇಲೆ ಚಾಟಿ ಹಿಡಿದು ಕುಳಿತ ಅಂಬೇಡ್ಕರ್. ಹಿಂದೆ ಚಾಟಿ ಎತ್ತಿ ನಿಂತ ನೆಹರೂ. ಸುತ್ತ ನೋಡುವ ಜನ. ಸಂವಿಧಾನ ರಚನೆಗೆ ಅಷ್ಟು ಕಾಲ ಏಕೆ ಹಿಡಿಯಿತು ಎಂಬುದು ಪಕ್ಕದಲ್ಲಿದ್ದ ಪ್ರಶ್ನೆ. 2012ರ ಮೇ 11ರಂದು ಸಂಸತ್ತಿನಲ್ಲಿ ಕೋಲಾಹಲವೆದ್ದಿತು. ದಲಿತ ಸಂಸದರಿಗೆ ಆ ಚಾಟಿ ಅವಮಾನವಾಗಿ ಕಂಡಿತ್ತು. ಚಾಟಿಯ ಏಟು ತಿಂದ ಚರಿತ್ರೆಯಿರುವವರಿಗೆ ಅದು ಬರಿಯ ಗೆರೆಯಲ್ಲ ಎಂಬುದನ್ನು ತಳ್ಳಿಹಾಕುವಂತಿಲ್ಲ. ಆಗಿನ ಸಚಿವ ಕಪಿಲ್ ಸಿಬಲ್ ಕಾರ್ಟೂನ್ ತೆಗೆಯುವುದಾಗಿ ಹೇಳಿದರು, ಇಬ್ಬರೂ ಸಲಹೆಗಾರರು ರಾಜೀನಾಮೆ ಕೊಟ್ಟರು, ಪುಣೆಯಲ್ಲಿ ಕೆಲವರು ಪಳಶೀಕರ್ ಅವರ ಕಚೇರಿಗೆ ನುಗ್ಗಿ ದಾಂಧಲೆ ಮಾಡಿದರು. ಇದೇ ಶಂಕರ್ ದೆಹಲಿಯ ಬಹಾದುರ್ ಷಾ ಜಫರ್ ಮಾರ್ಗದಲ್ಲಿ ಮಕ್ಕಳಿಗಾಗಿ ಪುಸ್ತಕ ಟ್ರಸ್ಟ್, ಗೊಂಬೆಗಳ ಮ್ಯೂಸಿಯಂ ಕಟ್ಟಿದವರು. ಸುಪ್ರೀಂ ಕೋರ್ಟಿನಿಂದ ಅದು ಕೂಗಳತೆಯ ದೂರ.

ಗದ್ದಲದ ನಡುವೆ ಕಾರ್ಟೂನಿನ ಪಕ್ಕದಲ್ಲಿದ್ದ ಆ ಪ್ರಶ್ನೆಗೆ ಉತ್ತರ ಹುಡುಕಲು ಯಾರಿಗೂ ಪುರುಸೊತ್ತಿರಲಿಲ್ಲ. ಉತ್ತರ ಕೊಟ್ಟಿದ್ದವರು ಸ್ವತಃ ಅಂಬೇಡ್ಕರ್. 1949ರ ನವೆಂಬರ್ 25ರ ಭಾಷಣದಲ್ಲಿ ಅವರು ತಡವಾಯಿತೆಂಬ ದೂರನ್ನೇ ಎತ್ತಿಕೊಂಡು ಲೆಕ್ಕ ಒಪ್ಪಿಸಿದರು: ಕರಡಿಗೆ ಬಂದ ತಿದ್ದುಪಡಿಗಳು ಸುಮಾರು 7,635, ಅವುಗಳಲ್ಲಿ ಸಭೆಯಲ್ಲಿ ಮಂಡನೆಯಾದದ್ದು 2,473. ಬೇರೆ ದೇಶಗಳು ಎಷ್ಟು ಕಾಲ ತೆಗೆದುಕೊಂಡವು ಎಂದೂ ತಾಳೆ ಹಾಕಿ ತೋರಿಸಿದರು. ಅದೇ ಭಾಷಣದಲ್ಲಿ, ಕೀರ್ತಿ ತಮ್ಮೊಬ್ಬರದಲ್ಲವೆಂದು ಹೇಳಿ ಮೊದಲ ಕರಡು ಸಿದ್ಧಪಡಿಸಿದ ಬಿ.ಎನ್. ರಾವ್ ಅವರನ್ನು ನೆನೆದರು. ರಾವ್ ನಮ್ಮ ಮಂಗಳೂರಿನವರು. ಕಾರ್ಟೂನನ್ನು ಒಂದು ಕೈಯಲ್ಲಿ, ಆ ಭಾಷಣವನ್ನು ಇನ್ನೊಂದು ಕೈಯಲ್ಲಿ ಹಿಡಿದು, ಜೊತೆಗೆ 2012ರ ಸಂಸತ್ತಿನ ಜಗಳವನ್ನೂ ಸೇರಿಸಿ ಪಾಠ ಮಾಡಿದರೆ ವಾಕ್ ಸ್ವಾತಂತ್ರ್ಯ ಎಲ್ಲಿಂದ ಎಲ್ಲಿಯವರೆಗೆ, ಘನತೆ ಎಂದರೇನು ಎಂಬ ಎರಡೂ ಮಾತು ಮಕ್ಕಳಿಗೆ ಮುಟ್ಟುತ್ತವೆ.

ಈ ಪ್ರಸಂಗ ಮೇಷ್ಟರುಗಳಲ್ಲಿ ಒಂದು ಹೆದರಿಕೆ ಬಿತ್ತಿದ್ದೂ ನಿಜ. ಸುದ್ದಿ ತಂದರೆ ರಾಜಕೀಯ ತಂದಿರಿ ಎನ್ನುತ್ತಾರೆ. ಪೋಷಕರು ಮೊಬೈಲಿನಲ್ಲಿ ಧ್ವನಿ ಹಿಡಿದು ಹರಿಬಿಡುತ್ತಾರೆ. ಹಾಗಾಗಿ ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬಂತೆ ಎಷ್ಟೋ ಮಂದಿ ಅಡ್ಡಗೋಡೆಯ ಮೇಲೆ ದೀಪವಿಟ್ಟು ಮುಂದಿನ ಪುಟಕ್ಕೆ ಹೋಗುತ್ತಾರೆ. ಇದಕ್ಕೊಂದು ದಾರಿಯಿದೆ. ಯಾರು ಸರಿ ಎಂದು ಕೇಳದೆ, ಯಾರಿಗೆ ಅಧಿಕಾರ, ಯಾವ ವಿಧಿಯ ಕೆಳಗೆ, ಕೊಟ್ಟ ಕಾರಣವೇನು ಎಂದು ಕೇಳುವುದು. ಪಕ್ಷದ ಬಾವುಟ ಹಿಡಿದ ಹುಡುಗನೂ ಈ ಪ್ರಶ್ನೆಗೆ ಪುಸ್ತಕ ತೆರೆಯಲೇಬೇಕು.

ಬೀದಿನಾಯಿಯ ಪ್ರಕರಣವನ್ನೇ ತೆಗೆದುಕೊಳ್ಳಿ. ಇದು ಹುಟ್ಟಿದ್ದೇ ಪತ್ರಿಕೆಯ ವರದಿಯಿಂದ. ದೆಹಲಿಯಲ್ಲಿ ನಾಯಿ ಕಡಿತ, ರೇಬಿಸ್ ಮತ್ತು ಒಂದು ಮಗುವಿನ ಸಾವಿನ ವರದಿ ಓದಿದ ಸುಪ್ರೀಂ ಕೋರ್ಟ್ 2025ರ ಜುಲೈ 28ರಂದು ತಾನಾಗಿ ಪ್ರಕರಣ ದಾಖಲಿಸಿಕೊಂಡಿತು. ಆಗಸ್ಟ್ 11ರಂದು ಇಬ್ಬರು ನ್ಯಾಯಮೂರ್ತಿಗಳ ಪೀಠ, ದೆಹಲಿ, ನೋಯ್ಡಾ, ಗಾಜಿಯಾಬಾದ್, ಗುರುಗ್ರಾಮ, ಫರೀದಾಬಾದ್‌ಗಳ ಬೀದಿನಾಯಿಗಳನ್ನೆಲ್ಲ ಹಿಡಿದು ಆಶ್ರಯ ಕೇಂದ್ರಕ್ಕೆ ಹಾಕಬೇಕು, ಮತ್ತೆ ಬೀದಿಗೆ ಬಿಡಕೂಡದು ಎಂದಿತು. ಊರೇ ಎರಡಾಯಿತು. ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಅನ್ನ ಹಾಕುವ ಆಂಟಿ ಒಂದು ಕಡೆ, ಕಚ್ಚಿಸಿಕೊಂಡ ಮಗುವಿನ ತಾಯಿ ಇನ್ನೊಂದು ಕಡೆ. ಮುಖ್ಯ ನ್ಯಾಯಮೂರ್ತಿಗಳು ವಿಷಯವನ್ನು ಮೂವರ ಪೀಠಕ್ಕೆ ಒಪ್ಪಿಸಿದರು. ಆಗಸ್ಟ್ 22ರಂದು ಆ ಪೀಠ ಆದೇಶ ಮಾರ್ಪಡಿಸಿತು: ಸಂತಾನಹರಣ ಮಾಡಿ, ಲಸಿಕೆ ಹಾಕಿ, ಹಿಡಿದ ಜಾಗದಲ್ಲೇ ಬಿಡಿ, ರೇಬಿಸ್ ತಗುಲಿದ್ದು ಮತ್ತು ಮೈಮೇಲೆ ಎರಗುವಂಥದ್ದು ಬೇಡ, ಅನ್ನ ಹಾಕುವುದು ಗೊತ್ತುಪಡಿಸಿದ ಜಾಗದಲ್ಲಿ ಮಾತ್ರ.

ಹದಿನಾಲ್ಕರ ಮಕ್ಕಳಿಗೆ ಇದರಷ್ಟು ರುಚಿಯಾದ ಪಾಠ ಮತ್ತೊಂದಿಲ್ಲ, ಏಕೆಂದರೆ ನಾಯಿಯ ಬಗ್ಗೆ ಅಭಿಪ್ರಾಯವಿಲ್ಲದ ಮಗುವೇ ಇಲ್ಲ. ತರಗತಿಯನ್ನು ಎರಡು ಪಾಲು ಮಾಡಿ ಒಂದು ಕಟ್ಟಳೆ ಹಾಕಬೇಕು: ಯಾವ ವಿಧಿ, ಯಾವ ನಿಯಮದ ಮೇಲೆ ನಿಂತು ಮಾತಾಡುತ್ತಿದ್ದೇನೆಂದು ಹೇಳದೆ ಬಾಯಿ ತೆರೆಯುವಂತಿಲ್ಲ. ಆಗ ಒಬ್ಬಳು 21ನೇ ವಿಧಿ ಹಿಡಿದು, ಹೆದರದೆ ರಸ್ತೆಯಲ್ಲಿ ನಡೆಯುವುದೂ ಬದುಕಿನ ಹಕ್ಕೇ ಎನ್ನುತ್ತಾಳೆ. ಇನ್ನೊಬ್ಬ, 1976ರಲ್ಲಿ ಬಂದ ಮೂಲಭೂತ ಕರ್ತವ್ಯಗಳಲ್ಲಿ ಜೀವಿಗಳ ಮೇಲೆ ಕರುಣೆಯಿರಬೇಕೆಂಬ 51ಎ ವಿಧಿಯ ಮಾತನ್ನು ಹುಡುಕಿ ತರುತ್ತಾನೆ. ಮತ್ತೊಬ್ಬಳಿಗೆ 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮ ಸಿಗುತ್ತದೆ. ನಾಯಿಯನ್ನು ಹಿಡಿದ ಜಾಗದಲ್ಲೇ ಬಿಡಬೇಕೆಂದು ಅದರಲ್ಲೇ ಇರುವಾಗ ಕೋರ್ಟು ಬೇರೆ ಹೇಳಬಹುದೇ ಎಂದು ಕೇಳುತ್ತಾಳೆ. ಅಲ್ಲಿಗೆ ಶಾಸಕಾಂಗ, ನ್ಯಾಯಾಂಗಗಳ ನಡುವಿನ ಗೆರೆ ಪಾಠಕ್ಕೆ ಬಂತು. ಅರ್ಧ ಗಂಟೆಯ ನಂತರ ಪಕ್ಷ ಬದಲಿಸಬೇಕು, ನಾಯಿಪ್ರಿಯರು ಎದುರು ಪಕ್ಷದ ವಾದ ಮಾಡಬೇಕು. ಗಲಾಟೆ ಆಗೇ ಆಗುತ್ತದೆ. ಪಕ್ಕದ ತರಗತಿಯವರು ಬಂದು ದೂರಿದರೆ ಪಾಠ ಸರಿಯಾಗಿ ನಡೆದಿದೆ ಎಂದೇ ಲೆಕ್ಕ.

ಇನ್ನೂ ಸೂಕ್ಷ್ಮವಾದ ಸುದ್ದಿಗಳಿಗೂ ಇದೇ ಮದ್ದು. ಉಡುಪಿಯಲ್ಲಿ ಶುರುವಾದ ಹಿಜಾಬ್ ವಿವಾದದಲ್ಲಿ 2022ರ ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಎರಡು ದಿಕ್ಕಿನ ತೀರ್ಪು ಕೊಟ್ಟರು. ಹೇಮಂತ್ ಗುಪ್ತ ಅವರದು ಒಂದು, ಸುಧಾಂಶು ಧುಲಿಯಾ ಅವರದು ಅದಕ್ಕೆ ವಿರುದ್ಧ. ಟಿ.ವಿ. ಚರ್ಚೆಗೆ ಅದು ನಿರಾಸೆ ತಂದಿರಬಹುದು. ಶಿಕ್ಷಕರಿಗೆ ಮಾತ್ರ ಭಿನ್ನ ತೀರ್ಪಿನಷ್ಟು ಒಳ್ಳೆಯ ಉಪಕರಣವಿಲ್ಲ. ಒಂದೇ ಸಂವಿಧಾನ, ಒಂದೇ ದಾಖಲೆ, ಒಂದೇ ವಾದ ಕೇಳಿದ ಇಬ್ಬರು ಕಲಿತವರು ಕಾರಣ ಬರೆದು ಬೇರೆಯಾಗಬಹುದು ಎಂದು ತೋರಿಸಿದರೆ ಸಾಕು. ಯಾರ ಪಕ್ಷವನ್ನೂ ಮೇಷ್ಟರು ಹಿಡಿಯಬೇಕಾಗಿಲ್ಲ.

ವಿದ್ಯಾರ್ಥಿಗಳು ಬರೀ ಕಟಕಟೆಯ ಹೊರಗೆ ನಿಂತು ನೋಡುವವರಲ್ಲ ಎಂಬುದನ್ನೂ ಹೇಳಬೇಕು. ದೀಪಾವಳಿಯ ಪಟಾಕಿ ಕುರಿತು ದೆಹಲಿಯಲ್ಲಿ ಪ್ರತಿವರ್ಷ ಕೇಳಿಬರುವ ಅರ್ಜುನ್ ಗೋಪಾಲ್ ಪ್ರಕರಣದ ಅರ್ಜಿದಾರರು 2015ರಲ್ಲಿ ಮೂರು ಹಸುಗೂಸುಗಳು, ಆರು ತಿಂಗಳಿಂದ ಹದಿನಾಲ್ಕು ತಿಂಗಳವು. ಅಪ್ಪಂದಿರ ಮೂಲಕ ಅವು ಒಳ್ಳೆಯ ಗಾಳಿ ಕೇಳಿದ್ದವು. 2012ರಲ್ಲಿ ಮಹಾರಾಷ್ಟ್ರದ ಪಾಲ್ಘರ್‌ನ ಇಬ್ಬರು ಯುವತಿಯರು ಒಂದು ಫೇಸ್‌ಬುಕ್ ಮಾತಿಗೆ ಬಂಧಿತರಾದ ಸುದ್ದಿ ಓದಿ, ಕಾನೂನು ಓದಿನ ಹೊಸ್ತಿಲಲ್ಲಿದ್ದ 21ರ ದೆಹಲಿ ಯುವತಿ ಶ್ರೇಯಾ ಸಿಂಘಲ್ ಸುಪ್ರೀಂ ಕೋರ್ಟಿಗೆ ಹೋದರು. 2015ರ ಮಾರ್ಚ್ 24ರಂದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮು ಬಿದ್ದುಹೋಯಿತು. ಇಂಟರ್ನ್‌ಗಳನ್ನು ಕೆಲವು ದಿನ ಕೋರ್ಟ್ ಹಾಲಿಗೆ ಬಿಡದಿದ್ದುದನ್ನು ಪ್ರಶ್ನಿಸಿದ ಕಾನೂನು ವಿದ್ಯಾರ್ಥಿ ಸ್ವಪ್ನಿಲ್ ತ್ರಿಪಾಠಿಯ ಅರ್ಜಿಯಿಂದಲೇ 2018ರ ನೇರಪ್ರಸಾರದ ತೀರ್ಪು ಬಂತು. 2022ರ ಸೆಪ್ಟೆಂಬರ್ 27ರಿಂದ ಸಂವಿಧಾನ ಪೀಠದ ವಾದಗಳನ್ನು ಯಾರು ಬೇಕಾದರೂ ಕೂತಲ್ಲೇ ನೋಡಬಹುದು.

ರಾಜಧಾನಿ ಪ್ರದೇಶಕ್ಕೂ ಕರ್ನಾಟಕಕ್ಕೂ ಗಂಟು ಹಾಕಿದ ಪ್ರಕರಣ ಇವೆಲ್ಲಕ್ಕಿಂತ ಹಳೆಯದು. ಮೀರತ್ತಿನ ಮೋಹಿನಿ ಜೈನ್ ಎಂಬ ಹುಡುಗಿ 1991ರಲ್ಲಿ ತುಮಕೂರಿನ ಖಾಸಗಿ ಕಾಲೇಜೊಂದರಲ್ಲಿ ಎಂಬಿಬಿಎಸ್‌ಗೆ ಅರ್ಜಿ ಹಾಕಿದಳು. ಕರ್ನಾಟಕ ಸರ್ಕಾರದ 1989ರ ಅಧಿಸೂಚನೆಯಂತೆ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಅದರಾಚೆಯ ಸೀಟಿಗೆ ರಾಜ್ಯದ ಮಕ್ಕಳಿಗೆ 25,000, ಹೊರರಾಜ್ಯದವರಿಗೆ 60,000. ಮೋಹಿನಿಯ ತಂದೆಗೆ ಅಷ್ಟು ಕೊಡುವ ಶಕ್ತಿಯಿರಲಿಲ್ಲ. 1992ರ ಜುಲೈ 30ರಂದು ನ್ಯಾಯಮೂರ್ತಿಗಳಾದ ಕುಲದೀಪ್ ಸಿಂಗ್, ಆರ್.ಎಂ. ಸಹಾಯ್ ಅವರು ಶಿಕ್ಷಣವೂ 21ನೇ ವಿಧಿಯ ಜೀವದ ಹಕ್ಕಿನಿಂದ ಹರಿದು ಬರುವುದೆಂದರು. ಹೆಚ್ಚಿನ ಶುಲ್ಕವನ್ನು ಕ್ಯಾಪಿಟೇಶನ್ ಎಂದೇ ಕರೆದು ತಳ್ಳಿಹಾಕಿದರು. ಮರುವರ್ಷ ಉನ್ನಿಕೃಷ್ಣನ್ ತೀರ್ಪು ಆ ಹಕ್ಕನ್ನು ಹದಿನಾಲ್ಕು ವರ್ಷದವರೆಗೆ ಎಂದು ಮಿತಗೊಳಿಸಿತು. 2002ರ 86ನೇ ತಿದ್ದುಪಡಿಯಿಂದ 21ಎ ಬಂತು, 2010ರ ಏಪ್ರಿಲ್ 1ರಿಂದ ಶಿಕ್ಷಣ ಹಕ್ಕು ಕಾಯ್ದೆ ಜಾರಿಯಾಯಿತು. ದೆಹಲಿಯ ಖಾಸಗಿ ಶಾಲೆಯಲ್ಲಿ ಆ ಕಾಯ್ದೆಯ ಶೇ 25ರ ಸೀಟಿನಲ್ಲಿ ಲಾಟರಿ ಎತ್ತಿ ಬಂದ ಮಗು ಪಕ್ಕದ ಬೆಂಚಿನಲ್ಲೇ ಕೂತಿರುತ್ತದೆ. ಮೋಹಿನಿ ಜೈನ್‌ಗೆ ಮಾತ್ರ ಸೀಟು ಸಿಗಲಿಲ್ಲ. ಪ್ರವೇಶ ಅರ್ಹತೆಯ ಮೇಲೆ ಆದದ್ದಲ್ಲ, ತರಗತಿಗಳು ಶುರುವಾಗಿ ಬಹಳ ದಿನವಾಯಿತು ಎಂದು ಕೋರ್ಟು ಆ ಒಂದು ಬೇಡಿಕೆಯನ್ನು ಒಪ್ಪಲಿಲ್ಲ. ಈ ಸಂಗತಿ ಹೇಳಿದಾಗ ತರಗತಿಯಲ್ಲಿ ಮೌನ ಬಿದ್ದರೆ ಅಚ್ಚರಿಯಿಲ್ಲ.

ಇದಕ್ಕೆಲ್ಲ ದೆಹಲಿಯೇ ಬೇಕೆಂದೇನಿಲ್ಲ. ಕರ್ನಾಟಕದ ಪಂಚಾಯಿತಿಗಳಲ್ಲಿ ನಡೆಯುವ ಮಕ್ಕಳ ಗ್ರಾಮಸಭೆಯಲ್ಲಿ ಶೌಚಾಲಯ, ಕಾಂಪೌಂಡು, ಬಸ್ಸಿನ ಸಮಯ ಕೇಳುವ ಹುಡುಗಿ ಮಾಡುತ್ತಿರುವುದೂ ಸ್ಥಳೀಯ ಸುದ್ದಿಯಿಂದ ಸಂವಿಧಾನಕ್ಕೆ ಹೋಗುವ ಕೆಲಸವೇ. ಆ ಸಭೆ ವರ್ಷಕ್ಕೊಮ್ಮೆ ಫೋಟೊ ತೆಗೆಸಿಕೊಳ್ಳುವ ಕಾರ್ಯಕ್ರಮವಾಗದಂತೆ ನೋಡಿಕೊಂಡರೆ ಅರ್ಧ ಪಾಠ ಅಲ್ಲೇ ಆಗುತ್ತದೆ.

ದೆಹಲಿಯ ಲೋಧಿ ಎಸ್ಟೇಟಿನಲ್ಲಿ ಕನ್ನಡ ಶಾಲೆಯಿದೆ, ನೋಯ್ಡಾ-ಗುರುಗ್ರಾಮಗಳಲ್ಲಿ ಸಾವಿರಾರು ಕನ್ನಡ ಮನೆಗಳಿವೆ. ಚಳಿಗಾಲದಲ್ಲಿ ಶಾಲೆ ಮುಚ್ಚಿದೆ ಎಂಬ ಸಂದೇಶ ಇನ್ನೊಮ್ಮೆ ಮೊಬೈಲಿಗೆ ಬಂದಾಗ, ಮಗುವಿಗೆ ರಜೆ ಎಂದಷ್ಟೇ ಹೇಳಿ ಮುಗಿಸಬೇಡಿ. ಆದೇಶ ಯಾರದು, ಯಾವ ಕಾನೂನಿನಡಿ, ಬಿಸಿಯೂಟ ನಂಬಿದ ಮಗು ಇವತ್ತು ಏನು ತಿನ್ನುತ್ತದೆ ಎಂದು ಕೇಳಿ. ಉತ್ತರ ನಿಮಗೂ ಗೊತ್ತಿಲ್ಲದಿದ್ದರೆ ಇಬ್ಬರೂ ಕೂತು ಹುಡುಕಿ.